ಅವ್ವನ ಕುಬಸ ಇನ್ನೇನ ಆತು

ಬೈಲಹೊಂಗಲದ ನಮ್ಮ ಮನೆಯಲ್ಲಿ ಸುಳ್ಳು ಹೇಳುವ ಕೆಲಸ ನನ್ನದಾಗಿತ್ತು. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಅಪ್ಪ ಹೊಲಿಗೆ ಮಷಿನ್ ತುಳಿಯುತ್ತಿದ್ದ, ನಾನು ಸುಳ್ಳು ಹೇಳುತ್ತಿದ್ದೆ. ಆಗ ನನಗೆ ಹತ್ತು ವರ್ಷ. ಅಪ್ಪ ಟೇಲರ್. ಮನೆಯ ಮುಂದಿನ ಖೋಲಿಯೇ ಅಂಗಡಿ. ಅದರ ಹಿಂದೆ ಪಡಸಾಲೆ, ಪಡಸಾಲೆಯ ಹಿಂದೆ ಅಡುಗೆಮನೆ. ಗಿರಾಕಿ ಕಟ್ಟೆ ಹತ್ತುವ ಸಪ್ಪಳ ಕೇಳಿದ ಕೂಡಲೇ ಅಪ್ಪ ತಲೆ ಬಗ್ಗಿಸಿ ಮಷಿನ್ ಜೋರಾಗಿ ತುಳಿಯಲು ಶುರು ಮಾಡುತ್ತಿದ್ದ, ಎಷ್ಟೋ ಸಲ ಸೂಜಿಯ ಕೆಳಗೆ ಬಟ್ಟೆಯೇ ಇರುತ್ತಿರಲಿಲ್ಲ. ಕೆಲಸದಲ್ಲಿ ಮುಳುಗಿದ ಮನುಷ್ಯನನ್ನು ಮಾತಾಡಿಸುವುದು ಸರಿಯಲ್ಲವಲ್ಲ, ಹಾಗಾಗಿ ಗಿರಾಕಿ ನನ್ನನ್ನು ಕೇಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಪಾಠ ಒಪ್ಪಿಸುತ್ತಿದ್ದೆ.

“ಇನ್ನೇನ ಆತ್ರಿ. ಗುಂಡಿ ಹಚ್ಚೋದಷ್ಟ ಉಳದೈತಿ.”

ಈ ‘ಇನ್ನೇನ ಆತು’ ಎಂಬ ಮಾತಿಗೆ ನಮ್ಮ ಮನೆಯಲ್ಲಿ ಬೇರೆ ಬೇರೆ ದರ್ಜೆಗಳಿದ್ದವು. ಗುಂಡಿ ಹಚ್ಚುವುದಷ್ಟೇ ಉಳಿದಿದೆ ಎಂದರೆ ಬಟ್ಟೆ ಎಲ್ಲಿದೆ ಎಂಬುದು ನಮಗೆ ಗೊತ್ತಿದೆ ಎಂದರ್ಥ. ಇಸ್ತ್ರಿ ಉಳಿದಿದೆ ಎಂದರೆ ಹುಡುಕುತ್ತಿದ್ದೇವೆ ಎಂದರ್ಥ. ‘ನಿಮ್ಮದನ್ನ ಈಗ ಕೈಯಾಗ ಹಿಡದಾರ್ರಿ’ ಎಂದರೆ ಅದು ಎಲ್ಲಿದೆಯೋ ಶಿವನೇ ಬಲ್ಲ. ಮನೆ ತುಂಬ ಬೇರೆಯವರ ಬಟ್ಟೆ. ಹೊರಸಿನ ಕೆಳಗೆ, ಜೋಳದ ಚೀಲಗಳ ಮೇಲೆ, ದೇವರ ಮಾಡದ ಪಕ್ಕದಲ್ಲಿ ಕೂಡ ಗಂಟುಗಳು. ನಾನು ಎಷ್ಟೋ ದಿನ ಯಾರದೋ ಮದುವೆಯ ಸೂಟಿನ ಬಟ್ಟೆಯನ್ನು ತಲೆದಿಂಬು ಮಾಡಿಕೊಂಡಿದ್ದೇನೆ. ಆ ಮದುವೆಯಾಗಿ ಅವರಿಗೆ ಮಗುವಾದದ್ದೂ ನನಗೆ ಗೊತ್ತು. ಹಾಗಂತ ಅಪ್ಪ ಕೆಟ್ಟ ಟೇಲರ್ ಅಲ್ಲ. ಅವನು ಹೊಲಿದ ಬಟ್ಟೆ ಮೈಮೇಲೆ ಕೂತರೆ ಕೂತಂತೆಯೇ. ಅದಕ್ಕೇ ಜನ ಬೈದುಕೊಂಡೇ ಮತ್ತೆ ಅವನ ಹತ್ತಿರವೇ ಬರುತ್ತಿದ್ದರು.

ಆದರೆ ಒಬ್ಬ ಗಿರಾಕಿ ಮಾತ್ರ ಹತ್ತು ವರ್ಷದಿಂದ ಕಾಯುತ್ತಿದ್ದಳು. ಅವಳು ಅವ್ವ. ಪ್ರತಿ ಪಂಚಮಿಗೆ ಅವಳ ತವರು ಮನೋಳಿಯಿಂದ ನನ್ನ ಸೋದರಮಾವ ಅವಳಿಗೊಂದು ಖಣ ಕಳಿಸುತ್ತಿದ್ದ. ಕುಬಸಕ್ಕೆಂದೇ, ಅಂದರೆ ರವಿಕೆಗೆಂದೇ ನೇಯ್ದ, ಅಂಚಿಗೆ ಬಣ್ಣದ ದಡಿಯಿರುವ ಬಟ್ಟೆ. ಅದನ್ನು ಅವಳು ಅಪ್ಪನ ಮುಂದಿಡುವುದು, ಅಪ್ಪ ‘ಇನ್ನೇನ ಹೊಲದ ಕೊಡತೇನಿ’ ಎನ್ನುವುದು, ವಾರ ಕಳೆದ ಮೇಲೆ ಅವಳೇ ಮಡಚಿ ಟ್ರಂಕಿನಲ್ಲಿಡುವುದು. ಹೀಗೆ ಹತ್ತು ಖಣ ಸೇರಿದ್ದವು, ಒಂದಕ್ಕೂ ಕತ್ತರಿ ಬಿದ್ದಿರಲಿಲ್ಲ. ಅವ್ವ ಸಂತೆಯಲ್ಲಿ ರಾಶಿ ಹಾಕಿ ಮಾರುವ ರೆಡಿಮೇಡ್ ಕುಬಸ ತೊಡುತ್ತಿದ್ದಳು. ಒಂದು ಸಲ ಮನೋಳಿಯಲ್ಲಿ ಸೋದರಮಾವನ ಹೆಂಡತಿ, ಅಂದರೆ ನನ್ನ ಅತ್ತಿ, ಹತ್ತು ಮಂದಿ ಹೆಂಗಸರ ನಡುವೆ ಅವ್ವನ ತೋಳು ಹಿಡಿದು ತೋರಿಸಿದಳಂತೆ.

“ನೋಡ್ರಿ, ಟೇಲರ್ ಹೆಂಡ್ತಿ ಸಂತ್ಯಾಗಿನ ಕುಬಸ ತೊಟ್ಟಾಳ. ಗಂಡ ಊರಿಗೆಲ್ಲಾ ಹೊಲೀತಾನ, ಮನ್ಯಾಗಿನಾಕಿ ಕಣ್ಣಿಗೆ ಬಿದ್ದಿಲ್ಲ ಅಂತ ಕಾಣತೈತಿ.”

ಆಮೇಲೆ ಎರಡು ಪಂಚಮಿಗೆ ಅವ್ವ ತವರಿಗೆ ಹೋಗಲಿಲ್ಲ. ಒಮ್ಮೆ ನನಗೆ ಜ್ವರ ಎಂದಳು, ಒಮ್ಮೆ ತನಗೆ ಕಾಲುನೋವು ಎಂದಳು. ನನಗೆ ಜ್ವರ ಬಂದಿರಲಿಲ್ಲ. ಸುಳ್ಳು ಹೇಳುವ ಕೆಲಸ ಪೂರ್ತಿ ನನ್ನದೇ ಅಲ್ಲ ಎಂಬುದು ನನಗೆ ಆಗ ತಿಳಿಯಿತು. ಈ ಸಲ ಸೋದರಮಾವನ ಮಗಳು ಏಳು ತಿಂಗಳ ಬಸುರಿ. ಅವಳಿಗೆ ಕುಬಸದ ಕಾರ್ಯ ಇಟ್ಟುಕೊಂಡಿದ್ದರು. ಬಸುರಿಗೆ ಹಸಿರು ಸೀರೆ, ಕುಬಸ ಕೊಟ್ಟು ಉಡಿ ತುಂಬುವ ಆ ಕಾರ್ಯದಲ್ಲಿ ತಂದೆಯ ತಂಗಿ, ಅಂದರೆ ಅವ್ವ, ಇಲ್ಲದಿದ್ದರೆ ನಡೆಯುವುದಿಲ್ಲ. ಹದಿನೈದು ದಿನ ಇರುವಾಗಲೇ ಅವ್ವ ಹೇಳಿಬಿಟ್ಟಳು.

“ನೀವು ಹೊಲದ ಕುಬಸ ಮೈಮ್ಯಾಲೆ ಇದ್ರ ಹೋಗ್ತೇನಿ. ಇಲ್ಲಾಂದ್ರ ತವರುಮನಿ ಇಲ್ಲಿಗೆ ಮುಗೀತು ಅಂತ ತಿಳಕೋತೇನಿ.”

“ಏ, ಇನ್ನೇನ ಹೊಲದ ಬಿಡತೇನಿ ತಗೋ,” ಎಂದ ಅಪ್ಪ.

ಈ ಹೊತ್ತಿನಲ್ಲಿ ನಮ್ಮ ಕಟ್ಟೆ ಹತ್ತಿದವರು ಪಿಲಾರವ್ವ. ಅವರು ಸ್ಪೇನ್ ದೇಶದ ಕ್ರೈಸ್ತ ಸನ್ಯಾಸಿನಿ. ಕಿತ್ತೂರಿನ ಆಚೆ ಒಂದು ಹಳ್ಳಿಯಲ್ಲಿ ಸಣ್ಣ ದವಾಖಾನೆ ನಡೆಸುತ್ತಿದ್ದರು. ಪಿಲಾರ್ ಎಂಬ ಹೆಸರಿಗೆ ನಮ್ಮ ಜನ ಒಂದು ಅವ್ವ ಸೇರಿಸಿ ಮನೆಯವರನ್ನಾಗಿ ಮಾಡಿಕೊಂಡಿದ್ದರು. ಬಂದು ಮೂವತ್ತು ವರ್ಷವಾಗಿತ್ತು, ಎಪ್ಪತ್ತರ ಹತ್ತಿರದ ವಯಸ್ಸು. ಅವರ ಕನ್ನಡ ನಮ್ಮ ಕನ್ನಡಕ್ಕಿಂತ ಹೆಚ್ಚು ನಮ್ಮೂರಿನದಾಗಿತ್ತು. ಸ್ಪ್ಯಾನಿಷ್ ಅವರ ಬಾಯಿಗೆ ಬರುತ್ತಿದ್ದುದು ಪ್ರಾರ್ಥನೆಗೆ ಮತ್ತು ಸಿಟ್ಟಿಗೆ ಮಾತ್ರ. ಒಂದು ತಿಂಗಳ ಹಿಂದೆ ಉದ್ದನೆಯ ಬಿಳಿ ನಿಲುವಂಗಿಗೆ ಬಟ್ಟೆ ಕೊಟ್ಟು ಹೋಗಿದ್ದರು.

“ಏನಬೇ ಸುಮಿ, ನನ್ನ ಅಂಗಿ ಆತೇನ?”

“ಇನ್ನೇನ ಆತ್ರಿ ಸಿಸ್ಟರ್. ಗುಂಡಿ ಹಚ್ಚೋದಷ್ಟ ಉಳದೈತಿ.”

“ನನ್ನ ಅಂಗಿಗೆ ಗುಂಡೀನ ಇಲ್ಲಲ್ಲ ತಂಗಿ.”

ಒಳಗೆ ಮಷಿನ್ ನಿಂತಿತು. ಅಪ್ಪ ತಲೆ ಎತ್ತಲಿಲ್ಲ. ಪಿಲಾರವ್ವ ಬೈಯಲಿಲ್ಲ, ಕಟ್ಟೆಯ ಮೇಲೆ ಕೂತು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಸುಳ್ಳು ಸಿಕ್ಕಿಬಿದ್ದ ನಾಚಿಕೆಗೆ ನನ್ನ ಕಿವಿ ಬಿಸಿಯಾಗಿದ್ದವು. ಅವರು ಕುಡಿಯಲು ಒಂದು ತಂಬಿಗೆ ನೀರು ತರಿಸಿಕೊಂಡು, ಕುಡಿಯದೆ ಅದನ್ನು ನಮ್ಮಿಬ್ಬರ ನಡುವೆ ಇಟ್ಟರು.

“ಸ್ಪೇನಿನ ನಮ್ಮೂರಾಗೂ ಒಬ್ಬ ಟೇಲರ್ ಇದ್ದ. ಅವನೂ ನಿಮ್ಮಪ್ಪನಂಗ. ಕೇಳಿದಾಗೊಮ್ಮೆ ‘ಕಾಸಿ’ ಅಂತಿದ್ದ. ಇನ್ನೇನ ಆತು ಅಂತ ಅದರ ಅರ್ಥ. ಈಗ ಹೇಳು, ಈ ತಂಬಿಗಿ ತುಂಬೈತೇನ?”

ಕಂಠದ ಕೆಳಗೆ ಒಂದು ಬೆರಳಿನಷ್ಟು ಕಡಿಮೆಯಿತ್ತು. ನಾನು ಹಾಗೇ ಹೇಳಿದೆ.

“ಹಾಂ, ಇದು ಕಾಸಿ.” ಅವರು ನೀರನ್ನೆಲ್ಲ ತುಳಸಿಗೆ ಸುರಿದರು. “ಈಗ?”

“ಖಾಲಿ.”

“ಖಾಲಿಗೆ ಕಾಸಿ ಅನ್ನಾಂಗಿಲ್ಲ. ಒಂದ ಹನಿ ಹಾಕಿ ಕಾಸಿ ಅಂದ್ರೂ ನಡ್ಯಂಗಿಲ್ಲ. ಬಹಳ ಆಗಿರಬೇಕು, ಸ್ವಲ್ಪ ಉಳದಿರಬೇಕು. ಆಗಷ್ಟ ಆ ಮಾತು.”

ಹಾಲು ಕಾಸುವುದಕ್ಕೂ ಕಾಶೀಯಾತ್ರೆಗೂ ಈ ಪದಕ್ಕೂ ಸಂಬಂಧವಿಲ್ಲ ಎಂದು ಅವರಿಂದ ಖಾತ್ರಿ ಮಾಡಿಕೊಂಡೆ. ಇನ್ನೊಂದು ಬಳಕೆಯನ್ನು ಅವರು ಹೋಗುವಾಗ ಕಲಿಸಿದರು. ಕಟ್ಟೆ ಇಳಿಯುವಾಗ ಕಾಲು ಜಾರಿ, ಕಂಬ ಹಿಡಿದು ನಿಂತು, ಎದೆ ಮುಟ್ಟಿಕೊಂಡು ‘ಕಾಸಿ ಮೆ ಕಾಯ್ಗೋ’ ಎಂದರು. ಇನ್ನೇನು ಬೀಳುತ್ತಿದ್ದೆ ಎಂದು. ಬೀಳಲಿಲ್ಲ, ಆದರೆ ಕಾಲು ಜಾರಿದ್ದಂತೂ ನಿಜ; ಆದ್ದರಿಂದ ಅದೂ ಕಾಸಿ. ಮುಗಿಯಲಿರುವ ಒಳ್ಳೆಯದಕ್ಕೂ ತಪ್ಪಿಹೋದ ಕೆಟ್ಟದ್ದಕ್ಕೂ ಒಂದೇ ಪದ, ಆದರೆ ಎರಡಕ್ಕೂ ಏನಾದರೂ ನಡೆದಿರಲೇಬೇಕು. ಈಗ ನಾನು ಬೆಳಗಾವಿಯಲ್ಲಿ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸುತ್ತೇನೆ. ಪುಸ್ತಕದಲ್ಲಿ ಈ ಕ್ರಿಯಾವಿಶೇಷಣಕ್ಕೆ ಅರ್ಧ ಪುಟದ ವಿವರಣೆಯಿದೆ. ನಾನು ಅದನ್ನು ಓದಿಸುವುದಿಲ್ಲ, ನೀರಿನ ಬಾಟಲಿ ತೆಗೆದು ಮೇಜಿನ ಮೇಲೆ ಇಡುತ್ತೇನೆ.

ಮರುದಿನದಿಂದ ನನಗೆ ಖರೇ ಹೇಳುವ ಹುಚ್ಚು ಹಿಡಿಯಿತು. ಹತ್ತಿಯ ವ್ಯಾಪಾರ ಮಾಡುವ ದಪ್ಪ ಮೀಸೆಯ ಗಿರಾಕಿಯೊಬ್ಬರು ತಮ್ಮ ಪ್ಯಾಂಟು ಕೇಳಲು ಬಂದಾಗ ಬಾಗಿಲಲ್ಲಿ ನಿಂತು, ‘ಕಾಸಿ ಅಲ್ರಿ. ನಿಮ್ಮ ಅರಿವಿ ಜ್ವಾಳದ ಚೀಲದ ಮ್ಯಾಲೆ ಐತಿ. ಕತ್ತರಿ ಬಿದ್ದಿಲ್ಲ’ ಎಂದೆ. ಅವರು ಒಳಗೆ ಬಂದು ಚೀಲದ ಮೇಲಿನಿಂದ ತಮ್ಮ ಬಟ್ಟೆಯನ್ನು ತಾವೇ ಎತ್ತಿಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಇನ್ನಿಬ್ಬರು ಹೋದರು. ಮನೆಯಲ್ಲಿ ಒಮ್ಮೆಲೇ ಅಷ್ಟು ಜಾಗ ಆದದ್ದನ್ನು ನಾನು ನೋಡಿರಲಿಲ್ಲ.

“ಖರೇ ಹೇಳಂತ ನಿನಗ ಯಾರ ಹೇಳಿದ್ರು?” ಅಪ್ಪ ಮಷಿನ್ ಬಿಟ್ಟು ಎದ್ದು ಬಂದ.

“ಸಿಸ್ಟರ್ ಹೇಳಿದ್ರು.”

“ಅವರದು ದವಾಖಾನಿ. ಅಲ್ಲಿ ಖರೇ ನಡೀತೈತಿ. ಟೇಲರ್ ಅಂಗಡ್ಯಾಗ ನಡ್ಯಂಗಿಲ್ಲ. ಖರೇ ಹೇಳಿದ್ರ ಗಿರಾಕಿ ಅರಿವಿ ಒಯ್ತಾನ, ಇನ್ನೇನ ಆತು ಅಂದ್ರ ಮನಿಗೆ ಹೋಗ್ತಾನ. ಅಷ್ಟ ಫರಕು.”

ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ಕೇಳಿಸಿಕೊಳ್ಳುತ್ತಿದ್ದಳು. ತಂಬಿಗೆಯ ಪಾಠವನ್ನು ನಾನು ಆಗಲೇ ಅವಳಿಗೆ ಒಪ್ಪಿಸಿದ್ದೆ. ಅವಳು ಒಳಗೆ ಹೋಗಿ ಟ್ರಂಕು ತೆರೆದು ಹತ್ತೂ ಖಣಗಳನ್ನು ತಂದು ಕತ್ತರಿಸುವ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಹಸಿರು, ಕೆಂಪು, ಬದನೆ ಬಣ್ಣ. ಮಡಿಕೆಯ ಗೆರೆಗಳು ಬಿಸಿಲಿಗೆ ಬಿಟ್ಟ ಬಟ್ಟೆಯಂತೆ ಬೆಳ್ಳಗಾಗಿದ್ದವು.

“ಇದರಾಗ ಯಾವುದು ಕಾಸಿ ಐತಿ, ತೋರಸ್ರಿ.”

ಅಪ್ಪ ಖಣಗಳನ್ನು ನೋಡಿದ, ಅವ್ವನನ್ನು ನೋಡಿದ. ನಂತರ ದಾರದ ಉಂಡೆ ಮುಗಿದಿದೆ ಎಂದು ಪೇಟೆಗೆ ಹೋದ. ದಾರದ ಉಂಡೆಗಳು ಡಬ್ಬಿಯ ತುಂಬ ಇದ್ದವು.

ಮರುದಿನ ಮಧ್ಯಾಹ್ನ ಅಪ್ಪ ಎಂದಿನಂತೆ ಮಷಿನ್ ಹತ್ತಿರದಿಂದಲೇ ಕೂಗಿ ಊಟ ಆಯಿತೇ ಎಂದು ಕೇಳಿದ. ಅವ್ವ ಒಳಗಿನಿಂದ ‘ಇನ್ನೇನ ಆತ್ರಿ’ ಎಂದಳು. ಅಪ್ಪ ಕಾದ. ಅರ್ಧ ತಾಸಿನ ಮೇಲೆ ಮತ್ತೆ ಕೇಳಿದ, ಅದೇ ಉತ್ತರ. ರೊಟ್ಟಿ ಬಡಿಯುವ ಸಪ್ಪಳವೇ ಇಲ್ಲವಲ್ಲ ಎಂದು ಎದ್ದು ಅಡುಗೆಮನೆಗೆ ಬಂದ. ಅಲ್ಲಿ ಒಲೆ ಹೊತ್ತಿತ್ತು. ಹಂಚು ಕಾದಿತ್ತು. ಹಿಟ್ಟು ನಾದಿ ಆಗಿತ್ತು, ಒಂದು ರೊಟ್ಟಿಯನ್ನು ದುಂಡಗೆ ಬಡಿದೂ ಆಗಿತ್ತು, ಹಂಚಿಗೆ ಹಾಕುವುದಷ್ಟೇ ಬಾಕಿ ಇತ್ತು. ಅದರ ಮುಂದೆ ಅವ್ವ ಕೈಕಟ್ಟಿಕೊಂಡು ಕೂತಿದ್ದಳು.

“ನಾ ಸುಳ್ಳ ಹೇಳಿಲ್ರಿ. ಎಲ್ಲಾ ಮಾಡೇನಿ. ಸ್ವಲ್ಪ ಉಳದೈತಿ.”

ನನಗೆ ಅವಳು ಮುಂಜಾನೆಯೇ ಶೇಂಗಾ ಹಿಂಡಿ ಹಚ್ಚಿ ಎರಡು ರೊಟ್ಟಿ ತಿನಿಸಿದ್ದಳು. ಹಾಗಾಗಿ ನಾನು ಯಾರ ಕಡೆಯೂ ಸೇರದೆ ಸುಮ್ಮನಿರಬಹುದಿತ್ತು, ಆದರೆ ನಗು ತಡೆಯಲಾಗದೆ ಹಿತ್ತಲಿಗೆ ಓಡಿದೆ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಗೆ ಹೋದ. ಅವನ ಗ್ರಹಚಾರಕ್ಕೆ ಖಾನಾವಳಿಯ ಯಜಮಾನನ ಮಗನ ಸಾಲೆಯ ಯುನಿಫಾರ್ಮು ಸಾಲೆ ಶುರುವಾದಾಗಿನಿಂದ ನಮ್ಮ ಮನೆಯಲ್ಲಿತ್ತು. ಯಜಮಾನ ಬಹಳ ಮರ್ಯಾದೆಯಿಂದ ಕೂರಿಸಿದನಂತೆ. ‘ಕುಂತ್ರಿ ಮಾಸ್ತರ, ಇನ್ನೇನ ಬಂತು ಊಟಾ’ ಎಂದು ಹೇಳಿ, ಅಪ್ಪನ ನಂತರ ಬಂದ ಏಳು ಮಂದಿಗೆ ಬಡಿಸಿದನಂತೆ. ಎರಡನೆಯ ದಿನ ಅಪ್ಪ ಬಾಳೆಹಣ್ಣು ತಿಂದ. ಮೂರನೆಯ ದಿನ ಬಾಳೆಹಣ್ಣಿನ ಗಾಡಿಯವನಿಗೂ ಒಂದು ಪೈಜಾಮ ಬಾಕಿಯಿದೆ ಎಂಬುದು ಅವನಿಗೆ ನೆನಪಾಯಿತು.

ಆ ಮೂರನೆಯ ದಿನ ಪಿಲಾರವ್ವ ಮತ್ತೆ ಬಂದರು. ಹಸಿದಿದ್ದರೂ ಅಪ್ಪ ಅವರ ನಿಲುವಂಗಿಯನ್ನು ಮುಗಿಸಿಟ್ಟಿದ್ದ. ಅವರು ಅದನ್ನು ಝಾಡಿಸಿ ನೋಡಿ ಮೆಚ್ಚಿದರು. ನಂತರ ಮೇಜಿನ ಮೇಲೆ ಇನ್ನೂ ಹಾಗೇ ಸಾಲಾಗಿದ್ದ ಖಣಗಳನ್ನು ನೋಡಿ ನನ್ನ ಕಡೆ ತಿರುಗಿದರು. ನಾನು ಎಲ್ಲವನ್ನೂ ಹೇಳಿಬಿಟ್ಟೆ.

“ಹಂಗ್ಯಾಕ್ರಿ ಮಾಸ್ತರ?” ಎಂದು ಕೇಳಿದರು. ದವಾಖಾನೆಯಲ್ಲಿ ಎಲ್ಲಿ ನೋವು ಎಂದು ಕೇಳುವ ದನಿ ಅದು.

ಅಪ್ಪ ಬಹಳ ಹೊತ್ತು ಮಷಿನ್ನಿನ ಚಕ್ರ ಒರೆಸಿದ. ಅದರಲ್ಲಿ ಧೂಳಿರಲಿಲ್ಲ.

“ಒಮ್ಮೆ ಹೊಲದಿದ್ನಿರಿ. ಈ ಹುಡುಗಿ ಹೆಸರಿಡೂ ಕಾರ್ಯಕ್ಕ. ಮನೋಳ್ಯಾಗ ಎಲ್ಲಾ ಮಂದಿ ಕೂಡಿದ್ರು. ಕೂಸನ್ನ ತೊಟ್ಟಲದಾಗ ಹಾಕಾಕ ಕೈ ಎತ್ತಿದ್ಲು, ಎರಡೂ ಬಗಲಾಗ ಪರ್ ಅಂತ ಹರೀತ್ರಿ. ಮಂದಿ ನಕ್ಕರು. ಆಕಿ ಮಾತ್ರ ನನ್ನ ಹೆಸರ ಹೇಳಲಿಲ್ಲ, ಸವದತ್ತಿ ಟೇಲರ್ ಹೊಲದಿದ್ದು ಅಂದ್ಲು. ಅವತ್ತಿನಿಂದ ಆಕಿ ಅರಿವಿ ಮ್ಯಾಲೆ ಕತ್ತರಿ ಇಟ್ರ ನನ್ನ ಕೈ ನಡುಗತಾವ್ರಿ.”

ಹತ್ತು ವರ್ಷ ಅವನು ಊರಿಗೆಲ್ಲ ಹೇಳಿದ್ದು ಸೋಮಾರಿತನದ ಇನ್ನೇನ. ಅವ್ವನಿಗೆ ಹೇಳಿದ್ದು ಹೆದರಿಕೆಯದು. ನನಗೆ ಆಗ ಅಪ್ಪನ ಮೇಲೆ ಬಹಳ ಪ್ರೀತಿ ಬಂತು, ಮೂರು ದಿನ ನಕ್ಕದ್ದಕ್ಕೆ ಕೆಡುಕೆನಿಸಿತು. ಪಿಲಾರವ್ವ ಮಾತ್ರ ಟೇಲರಿಂಗ್ ಪರೀಕ್ಷೆ ತೆಗೆದುಕೊಳ್ಳುವವರಂತೆ ಮುಂದುವರಿಸಿದರು.

“ಅಳತಿ ಯಾವುದು ತಗೊಂಡಿದ್ರಿ?”

“ಆಕಿ ಮದುವಿ ಕುಬಸಾನ ಅಳತಿಗೆ ಇಟ್ಕೊಂಡಿದ್ನಿ.”

“ಮದುವಿ ಕುಬಸ? ಹಡದ ಬಾಣಂತಿಗೆ?”

ನಮ್ಮ ಕಡೆ ಗಂಡಸು ಟೇಲರ್ ಹೆಂಗಸರ ಮೈಗೆ ಟೇಪು ಹಿಡಿಯುವ ಪದ್ಧತಿ ಇರಲಿಲ್ಲ. ಅಳತೆಗೆಂದು ಹಳೆಯ ಕುಬಸ ಒಂದನ್ನು ಬಟ್ಟೆಯ ಜೊತೆ ಕೊಡುತ್ತಿದ್ದರು, ಅದನ್ನು ಹಾಸಿ ಅಳೆದು ಹೊಲಿಯುವುದು. ಊರ ಹೆಂಗಸರು ವರ್ಷಕ್ಕೊಂದು ಹೊಸ ಅಳತೆ ಕುಬಸ ತರುತ್ತಿದ್ದರು. ಅಪ್ಪ ತನ್ನ ಹೆಂಡತಿಯ ವಿಷಯದಲ್ಲಿ ಮದುವೆಯ ದಿನದ ಅಳತೆಯನ್ನೇ ನಂಬಿಕೊಂಡಿದ್ದ. ಪಕ್ಕದಲ್ಲೇ ಇದ್ದವಳನ್ನು ಅಳೆಯಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಆಗಿನ್ನೂ ಬದುಕಿದ್ದ ಅವನ ತಾಯಿ ಪಡಸಾಲೆಯಲ್ಲಿ ಕೂತಿರುತ್ತಿದ್ದಳು, ಟೇಪು ಹಿಡಿದುಕೊಂಡು ಹೆಂಡತಿಯ ಹತ್ತಿರ ಹೋಗುವ ಧೈರ್ಯ ಅವನಿಗೆ ಇರಲಿಲ್ಲ.

“ಗಂಗವ್ವ, ಹೊರಗ ಬಾರವಾ. ನಿನ್ನ ಗಂಡಗ ಟೇಪ್ ಹಿಡ್ಯಾಕ ಬರಾಂಗಿಲ್ಲಂತ,” ಎಂದು ಪಿಲಾರವ್ವ ಕೂಗಿದರು.

ಅಂಗಡಿಯ ಬಾಗಿಲು ಮುಚ್ಚಿ ಪಡಸಾಲೆಯಲ್ಲಿ ಅಳತೆ ಶುರುವಾಯಿತು. ಅವ್ವ ಗೋಡೆಯ ಕಡೆ ಮುಖ ಮಾಡಿ ನಿಂತಳು. ಟೇಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅಪ್ಪನ ಕೈಯಲ್ಲಿ. ಪಿಲಾರವ್ವ ನನ್ನ ಸಾಲೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ದಿನಕ್ಕೆ ಹತ್ತು ಅಂಗಿ ಅಳೆಯುವ ಮನುಷ್ಯ ಭುಜದ ಅಳತೆಯನ್ನು ಮೂರು ಸಲ ತಪ್ಪಿದ. ಅವನ ಕಿವಿಗಳೂ ನನ್ನವುಗಳಂತೆ ಕೆಂಪಗಾಗುತ್ತವೆ ಎಂಬುದನ್ನು ನಾನು ಮೊದಲು ಗಮನಿಸಿದ್ದು ಅಂದು. ಎಲ್ಲ ಮುಗಿದ ಮೇಲೆ ಬರೆದದ್ದನ್ನು ನೋಡಿದರೆ ಪಿಲಾರವ್ವ ತಮ್ಮ ದೇಶದ ರೂಢಿಯಂತೆ ಏಳರ ಅಂಕಿಗೆಲ್ಲ ನಡುವೆ ಒಂದು ಅಡ್ಡಗೀಟು ಎಳೆದಿದ್ದರು. ಹೊಡೆದು ಹಾಕಿದ್ದಾರೆಂದು ತಿಳಿದು ಅಪ್ಪ ಆ ಅಳತೆಗಳನ್ನು ಮತ್ತೊಮ್ಮೆ ತೆಗೆದುಕೊಂಡ. ಅವ್ವನಿಗೆ ಆ ಗೀಟಿನ ವಿಷಯ ಗೊತ್ತಿತ್ತು, ಸಿಸ್ಟರ್ ಮೆಲ್ಲಗೆ ಹೇಳಿದ್ದನ್ನು ನಾನು ಅವಳ ಕಿವಿಗೆ ಹಾಕಿದ್ದೆ. ಅವಳು ಸುಮ್ಮನೆ ನಿಂತು ಅಳೆಸಿಕೊಂಡಳು.

“ಬರಕೊಳ್ರಿ ಸಿಸ್ಟರ್,” ಎಂದಳು ಗೋಡೆಗೆ ಹೇಳುವಂತೆ. “ಹತ್ತ ವರ್ಷದಾಗ ನಾ ಇಷ್ಟ ಆಗೇನಿ ಅಂತ ಅವರಿಗೂ ಗೊತ್ತಾಗಲಿ.”

ಅಂದು ಸಂಜೆ ನಮ್ಮ ಮನೆಯಲ್ಲಿ ರೊಟ್ಟಿ ಹಂಚಿಗೆ ಬಿತ್ತು. ಅಪ್ಪ ಒಂಬತ್ತು ತಿಂದ, ಅವ್ವ ಹಾಕುತ್ತಲೇ ಇದ್ದಳು. ಊಟವಾದ ಮೇಲೆ ಅವನು ಬದನೆ ಬಣ್ಣದ ಖಣ ಆರಿಸಿಕೊಂಡು, ಕತ್ತರಿಯನ್ನು ಹಣೆಗೆ ಮುಟ್ಟಿಸಿ, ಕತ್ತರಿಸಿದ. ನಾನು ಅವನ ಕೈ ನೋಡುತ್ತಿದ್ದೆ. ಮೊದಲನೆಯ ಕಚ್ಚಿನಲ್ಲಿ ನಡುಗಿತು, ಆಮೇಲೆ ಇಲ್ಲ. ಮುಂದಿನ ನಾಲ್ಕು ದಿನ ಯಾರೇ ಬಂದರೂ ನಾನು ಬಾಗಿಲಲ್ಲಿ ನಿಂತು, ಅಪ್ಪ ಅವ್ವನ ಕುಬಸ ಹೊಲಿಯುತ್ತಿದ್ದಾನೆ, ನಿಮ್ಮದಕ್ಕೆ ಕೈ ಹಚ್ಚಿಲ್ಲ ಎಂದು ಹೇಳಿದೆ. ಯಾರೂ ಜಗಳ ಮಾಡಲಿಲ್ಲ. ಗಂಗವ್ವನದಾದರೆ ಆಗಲಿ ಬಿಡು ಎಂದು ಹೋದರು. ಹೆಂಗಸರಂತೂ ಒಳಗೆ ಬಂದು ನೋಡಿಯೇ ಹೋದರು.

ಕಾರ್ಯದ ದಿನ ಬೆಳಿಗ್ಗೆ ಮನೋಳಿಯ ಬಸ್ಸು ಹತ್ತಿಸಲು ಅಪ್ಪ ನಮ್ಮ ಜೊತೆ ಬಸ್‌ಸ್ಟ್ಯಾಂಡಿಗೆ ಬಂದ. ಅಂಗಡಿಗೆ ಬೀಗ ಹಾಕಿ ಬಂದಿದ್ದ. ಇಳಕಲ್ ಸೀರೆಯ ಮೇಲೆ ಆ ಬದನೆ ಬಣ್ಣದ ಕುಬಸ ಅವ್ವನ ಮೈಗೆ ಚೆನ್ನಾಗಿ ಕೂತಿತ್ತು, ಅವಳು ಚಂದ ಕಾಣುತ್ತಿದ್ದಳು. ದಾರಿಯುದ್ದಕ್ಕೂ ಅವಳು ಎರಡೂ ಮೊಳಕೈಗಳನ್ನು ಮೈಗೆ ಒತ್ತಿ ಹಿಡಿದುಕೊಂಡೇ ನಡೆದಳು. ನನ್ನ ಕೈಯನ್ನೂ ಹಿಡಿಯಲಿಲ್ಲ, ಚೀಲವನ್ನು ಅಪ್ಪನಿಗೇ ಕೊಟ್ಟಳು. ಅಪ್ಪ ಅದನ್ನು ನೋಡುತ್ತಲೇ ಇದ್ದ. ಬಸ್ಸಿನಲ್ಲಿ ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಬಸ್ಸು ಹೊರಡುವಾಗ ಅಪ್ಪ ಕೆಳಗೆ ನಿಂತವನು ಒಮ್ಮೆಲೇ ತನ್ನ ಎರಡೂ ಕೈ ಮೇಲೆತ್ತಿ ತೋರಿಸಿದ. ಅವ್ವನಿಗೆ ಅರ್ಥವಾಯಿತು. ಅವಳು ಬಸ್ಸಿನ ತುಂಬ ಇದ್ದ ಮಂದಿಯನ್ನು ನೋಡಿದಳು, ಎದ್ದು ನಿಂತಳು, ತೊಟ್ಟಿಲಿಗೆ ಕೂಸು ಹಾಕುವಷ್ಟು ಎತ್ತರಕ್ಕೆ ಎರಡೂ ಕೈ ಎತ್ತಿದಳು. ಬಸ್ಸು ನಿಲ್ಲಿಸಲು ಹೇಳುತ್ತಿದ್ದಾಳೆಂದು ತಿಳಿದು ಕಂಡಕ್ಟರ್ ಸೀಟಿ ಊದಿದ. ಬಸ್ಸು ಗಕ್ಕನೆ ನಿಂತಿತು. ಅಪ್ಪ ಮುಖ ಬಿಳುಚಿಕೊಂಡು ಓಡಿ ಬಂದು ಕಿಟಕಿಯ ಸರಳು ಹಿಡಿದ.

“ಹರೀತೇನ?”

“ಇಲ್ರಿ,” ಎಂದಳು ಅವ್ವ. ಕಂಡಕ್ಟರ್ ಏನೋ ಗೊಣಗುತ್ತಿದ್ದ, ಹಿಂದಿನ ಸೀಟಿನವರು ಕತ್ತು ಚಾಚಿದ್ದರು. ಅವಳು ಯಾರ ಕಡೆಗೂ ನೋಡಲಿಲ್ಲ.

“ಸಮಾ ನೋಡ್ರಿ,” ಎಂದು ಮತ್ತೊಮ್ಮೆ ಕೈ ಎತ್ತಿ, ಅವನು ನೋಡುವವರೆಗೂ ಇಳಿಸಲಿಲ್ಲ.